ಕಡೆಯ ನುಡಿ ಬಿಟ್ಟ ಪದಗಳು

ಮಗಳು ಪುಸ್ತಕ ಬರೆದಿದ್ದಾಳೆ ಎಂದು ನಾನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿಬಿಟ್ಟಿದ್ದೆ. ಓದಿಸಿ ಕೇಳುವ ಮೊದಲೇ ಹೇಳಿದ್ದೆ.

ನಿಶಾತ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಕಾಲೇಜಿನಲ್ಲಿ ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟ್ ಬರೆದು ಕೊಡಬೇಕಾಗಿತ್ತು. ಅವಳು ಆರಿಸಿಕೊಂಡದ್ದು ಮೊಹರಂನಲ್ಲಿ ಹಾಡುವ ಪದಗಳನ್ನು. ನಾವು ಮೂಲತಃ ಅಂತೂರ ಬೆಂತೂರದ, ಅರಳೆ ಹಿಂಜುವ ಪಿಂಜಾರರು. ಬೆಟಗೇರಿಗೆ ಬಂದು ಗಾದಿ ಅಂಗಡಿ ಇಟ್ಟು ಬಹಳ ವರ್ಷವಾಯಿತು. ಆದರೂ ಮೊಹರಂ ಬಂತೆಂದರೆ ನಾನು ಅಂಗಡಿಗೆ ಬೀಗ ಹಾಕಿ ಊರಿಗೆ ಹೋಗುತ್ತೇನೆ, ಗೆಜ್ಜೆ ಕಟ್ಟಿ ಮೇಳದಲ್ಲಿ ಹಾಡುತ್ತೇನೆ. ಆ ಪದಗಳ ಮೇಲೆ ನನ್ನ ಮಗಳೇ ಬರೆದಿದ್ದಾಳೆಂದರೆ ಬಾಯಿ ಮುಚ್ಚಿಕೊಂಡು ಇರುವುದು ಹೇಗೆ?

ಒಂದು ಪ್ರತಿ ಆಗಲೇ ಕಾಲೇಜಿಗೆ ಹೋಗಿತ್ತು. ಬುಧವಾರ ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಅದು ಮುಗಿದರೆ ಡಿಗ್ರಿ, ಡಿಗ್ರಿ ಬಂದರೆ ಬಿ.ಎಡ್. ಶಾಲೆಯಲ್ಲಿ ಟೀಚರ್ ಆಗಬೇಕೆಂಬ ಹಟ ಅವಳಿಗೆ ನಾಲ್ಕನೆಯ ಇಯತ್ತೆಯಿಂದಲೂ ಇತ್ತು.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಉಳಿದಿದ್ದ ಪ್ರತಿಯನ್ನು ಅವಳ ಕೈಗೆ ಕೊಟ್ಟೆ. ನೀಲಿ ರಟ್ಟು, ಮೇಲೆ ಬಂಗಾರದ ಬಣ್ಣದ ಅಕ್ಷರ.

“ಓದು, ಕೇಳ್ತೇನಿ.”

“ಬ್ಯಾಡಪಾ. ನಿನಗ ಬ್ಯಾಸರ ಬರ್ತೈತಿ.”

“ನನ್ನ ಊರಿನ ಪದ ಕೇಳಾಕ ನನಗ ಬ್ಯಾಸರೇನು? ಓದು ಅಂದ್ರ ಓದು.”

ಅವಳು ಮೊದಲ ಹಾಳೆ ತೆರೆದು, ಬಸ್ಸಿನ ಕಂಡಕ್ಟರ ಊರುಗಳ ಹೆಸರು ಒದರುವ ಹಾಗೆ ಓಡಿಸಿಕೊಂಡು ಓದತೊಡಗಿದಳು. ಗುರುಗಳಿಗೆ ಕೃತಜ್ಞತೆ. ಗ್ರಂಥಾಲಯದವರಿಗೆ ಕೃತಜ್ಞತೆ. ಆಮೇಲೆ: “ಬಿಸಿಲು ಮಳೆಯೆನ್ನದೆ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹಳ್ಳಿ ಹಳ್ಳಿ ತಿರುಗಿದ ಆತ್ಮೀಯ ಗೆಳೆಯನಿಗೆ ನಾನು ಸದಾ ಋಣಿ.”

“ನಿಲ್ಲು,” ಎಂದೆ. “ಯಾಂವ ಅಂವ?”

“ಯಾರು?”

“ಸೈಕಲ್ ಮ್ಯಾಲೆ ಕುಂಡ್ರಿಸಿಕೊಂಡು ತಿರುಗಿದಾಂವ.”

ನಿಶಾತಳ ಮುಖ ಬಿಳಿಚಿತು. “ಹಂಗ ಯಾರೂ ಇಲ್ಲಪಾ.”

“ಇಲ್ಲಂದ್ರ? ಈಗ ನೀನ ಓದಿದಿ. ಸದಾ ಋಣಿ ಅಂತ!”

ನನ್ನ ದನಿಗೆ ಹೆಂಡತಿ ಖೈರುನಬಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಏನಾತ್ರಿ? ಓಣಿ ಮಂದಿ ಎಲ್ಲಾ ಬರೂ ಹಂಗ ಒದರಾಕತ್ತೀರಿ.”

“ನಿನ್ನ ಮಗಳನ್ನ ಕೇಳು. ಊರೂರು ಸೈಕಲ್ ಸವಾರಿ ಮಾಡ್ಯಾಳಂತ. ಪುಸ್ತಕದಾಗ ಅಚ್ಚು ಹಾಕ್ಸ್ಯಾಳ.”

ಖೈರುನಬಿ ಎದೆಗೆ ಕೈ ಒತ್ತಿಕೊಂಡಳು. ರವಿಕೆಗೆಲ್ಲ ಹಿಟ್ಟು. ನಿಶಾತ ನನ್ನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು. ಹುಡುಗ ಇದ್ದ ಎಂದು ಒಪ್ಪಬೇಕು, ಇಲ್ಲವೇ ಪುಸ್ತಕ ತನ್ನದಲ್ಲ ಎಂದು ಒಪ್ಪಬೇಕು. ಮೂರನೆಯ ದಾರಿ ಇರಲಿಲ್ಲ.

“ಅಪ್ಪಾ, ಇದು ನಾ ಬರದದ್ದಲ್ಲ. ಇನಾಯತ ಮಾಮಾನ ಅಂಗಡ್ಯಾಗ ಕಂಪ್ಯೂಟರಿನ್ಯಾಗ ಇತ್ತು. ಹೆಸರು, ಕಾಲೇಜು, ವರ್ಷ ಬದಲಿ ಮಾಡಿದೆ. ಈ ಹಾಳಿ ನೋಡಲಿಲ್ಲ.”

ಮೊದಲು ನನಗೆ ಸಮಾಧಾನವೇ ಆಯಿತು. ಹುಡುಗ ಇಲ್ಲವಲ್ಲ! ಖೈರುನಬಿಯೂ ಉಸಿರು ಬಿಟ್ಟು ಒಳಗೆ ಹೋದಳು. ಸಿಟ್ಟು ಬಂದದ್ದು ಆಮೇಲೆ.

“ಕದ್ದಿ ಅಂದಂಗ ಆತು.”

“ಎಲ್ಲಾರೂ ಹಂಗ ಮಾಡ್ತಾರಪಾ. ನಮ್ಮ ಕ್ಲಾಸಿನ್ಯಾಗ ಸ್ವಂತ ಬರದಾವ್ರು ಯಾರದಾರ? ಪರೀಕ್ಷಿ ಮ್ಯಾಲ ಪರೀಕ್ಷಿ ಇದ್ವು. ಮಾರ್ಕ್ಸ್ ಕಡಿಮಿ ಬಿದ್ರ ಬಿ.ಎಡ್. ಸೀಟು ಹೋಗ್ತಿತ್ತು.”

“ಮುಂದ ಓದು.”

“ಯಾಕ?”

“ಏನು ಕದ್ದಿ ಅಂತಾದ್ರೂ ಗೊತ್ತಾಗಲಿ.”

ಅವಳು ಹಲ್ಲು ಕಚ್ಚಿಕೊಂಡು ಓದಿದಳು. “ನಮ್ಮ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಹಳ್ಳಿಗಳಲ್ಲಿ…”

“ಧಾರವಾಡ ಜಿಲ್ಲಾ? ಗದಗ ಜಿಲ್ಲಾ ಬ್ಯಾರೆ ಆದ ಮ್ಯಾಲ ನೀ ಹುಟ್ಟಿದಾಕಿ. ನೀ ಹುಟ್ಟೂಕಿಂತ ಮೊದಲ ಪುಸ್ತಕ ಬರದಿಟ್ಟಿದ್ದೇನು?”

ಅವಳು ತುಟಿ ಕಚ್ಚಿ ಹಾಳೆ ತಿರುವಿದಳು. ಪದಗಳ ಭಾಗ ಬಂತು. ಇದು ಜನಪದ, ಇದಕ್ಕೆ ಕರ್ತೃ ಇಲ್ಲ, ಜನರೇ ಕರ್ತೃ ಎಂದು ಮೇಲೆ ಬರೆದಿತ್ತು. ಕೆಳಗೆ ಮೊದಲ ಪದ.

“ಹೊಳಿಯ ದಂಡ್ಯಾಗಿದ್ದೂ ನೀರಿಲ್ಲದಂಥಾ ಹೊತ್ತು
ಕೂಸಿನ ಬಾಯಿ ಒಣಗಿತ್ತೋ ಅಣ್ಣಾ
ಕೂಸಿನ ಬಾಯಿ ಒಣಗಿತ್ತು…”

ನಾನು ಪ್ರತಿ ಮೊಹರಂನಲ್ಲಿ ಹಾಡುವ ಪದ ಅದು. ಅವಳು ಒಂದೊಂದೇ ನುಡಿ ಓದಿ ಪುಟದ ಕೊನೆಗೆ ಬಂದು ನಿಲ್ಲಿಸಿದಳು. ನಿಲ್ಲಿಸಿದರೂ ಪದ ನಿಲ್ಲಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಖೈರುನಬಿ, ತನ್ನಷ್ಟಕ್ಕೆ ತಾನು, ಬಡಿತದ ತಾಳಕ್ಕೆ ಮುಂದಿನ ನುಡಿ ಹಾಡಿದಳು.

“ಕಪ್ಪತಗುಡ್ಡದ ಗಾಳಿ ಬೀಸಿ ಬರೂ ನಾಡಾಗ
ಅಂತೂರ ಬೆಂತೂರ ಐತೋ ಅಣ್ಣಾ
ಹೊಳೆಯಪ್ಪ ಹೇಳಿದ ಮಾತು.”

ನಿಶಾತ ಪುಸ್ತಕ ನೋಡಿದಳು, ಅಡುಗೆಮನೆಯ ಬಾಗಿಲು ನೋಡಿದಳು. “ಅವ್ವಾ, ಅದು ಇದರಾಗ ಇಲ್ಲ.”

“ಇಲ್ಲಂದ್ರ ಹೆಂಗ? ಅದಿಲ್ಲದ ಪದ ಮುಗೀತೈತೇನು?” ಎಂದಳು ಖೈರುನಬಿ ಒಳಗಿನಿಂದ.

ಉಳಿದ ಪದಗಳನ್ನೂ ನೋಡಿದೆವು. ಎಲ್ಲವೂ ನಮ್ಮೂರಿನ ಹೊಳೆಯಪ್ಪ ಕಾಕಾ ಕುರಿ ಕಾಯುತ್ತ ಕಟ್ಟಿದ ಪದಗಳೇ. ಎಲ್ಲಕ್ಕೂ ಕಡೆಯ ನುಡಿ ಇರಲಿಲ್ಲ. ಮನೆಯಲ್ಲಿ ಹುಟ್ಟಿದಂದಿನಿಂದ ಕೇಳುತ್ತಿದ್ದ ಪದಗಳನ್ನು ನನ್ನ ಮಗಳು ಯಾರದೋ ಕಂಪ್ಯೂಟರಿನಿಂದ ಕದ್ದು ತಂದಿದ್ದಳು, ತಂದ ಮೇಲೂ ಗುರುತು ಹಿಡಿದಿರಲಿಲ್ಲ. ಓದಿರಲಿಲ್ಲ, ಅಷ್ಟೇ. ಹೆಸರು ಬದಲಿಸಿ ರಟ್ಟು ಹಾಕಿಸಿದ್ದಳು.

ನಮ್ಮೂರ ಮೇಳದಲ್ಲಿ ಒಂದು ಕಟ್ಟಳೆ ಇದೆ. ಪದ ಯಾರು ಬೇಕಾದರೂ ಹಾಡಬಹುದು, ಯಾವ ಊರಿನವರು ಬೇಕಾದರೂ ಕಲಿತು ಒಯ್ಯಬಹುದು, ಕೇಳಬೇಕಾಗಿಯೂ ಇಲ್ಲ. ಆದರೆ ಕಡೆಯ ನುಡಿಯಲ್ಲಿ ಕವಿಯ ಹೆಸರು, ಊರ ಹೆಸರು ಹೇಳದೆ ಗೆಜ್ಜೆ ಬಿಚ್ಚುವಂತಿಲ್ಲ. ಯಾರಾದರೂ ಬಿಟ್ಟರೆ ಎದುರಿನ ಮೇಳದವರು “ಪದ ಯಾರ್ದೋ?” ಎಂದು ಕೂಗುತ್ತಾರೆ, ಬಾರಿಸುತ್ತಿದ್ದ ಹಲಗೆ ನಿಲ್ಲುತ್ತದೆ. ಬಿಟ್ಟವನು ಕವಿಯ ಮನೆ ಬಾಗಿಲಿಗೆ ಹೋಗಿ ನಿಂತು, ಇಡೀ ಪದವನ್ನು ಮೊದಲಿನಿಂದ ಹೆಸರು ಸಹಿತ ಹಾಡಬೇಕು. ದಂಡವಿಲ್ಲ, ಕಾಲು ಹಿಡಿಯುವುದಿಲ್ಲ. ಹಾಡಬೇಕು, ಅಷ್ಟೇ. ಅದನ್ನು ಮಾಡುವತನಕ ಅವನನ್ನು ಯಾವ ಮೇಳವೂ ಸೇರಿಸುವುದಿಲ್ಲ.

ಅಂಥ ಊರಿನವನ ಮಗಳು ಒಂದಲ್ಲ, ಇಡೀ ಪುಸ್ತಕದ ಪದಗಳನ್ನು ಹೆಸರಿಲ್ಲದೆ ಕಾಲೇಜಿಗೆ ಕೊಟ್ಟಿದ್ದಳು. ಮೇಲೆ ತನ್ನ ಹೆಸರು ಬೇರೆ.

ನಾನು ಚಪ್ಪಲಿ ಮೆಟ್ಟಿ ಇನಾಯತನ ಅಂಗಡಿಗೆ ಹೊರಟೆ.

ಇನಾಯತ ಖೈರುನಬಿಯ ತಮ್ಮ. ಗದಗಿನಲ್ಲಿ ಕಾಲೇಜಿನ ರಸ್ತೆಗೆ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ನನ್ನನ್ನು ಕಂಡು ಎದ್ದು ನಿಂತ.

“ಬರ್ರಿ ಭಾವಾ, ಕುಂಡ್ರಿ. ಚಾ ತರಸ್ಲೇನು?”

“ಚಾ ಆಮ್ಯಾಲ. ನಿಶಾತಗ ಕೊಟ್ಟಿದ್ದು ಯಾರ ಪುಸ್ತಕ?”

“ಮೊಹರಂದಾ? ಛಲೋ ಮಾಲು ಭಾವಾ ಅದು. ಹೋದ ವರ್ಷ ಲಕ್ಷ್ಮೇಶ್ವರದ ಹುಡುಗ ಒಯ್ದ, ಅದರ ಹಿಂದ ಮುಂಡರಗಿಯಾಂವ. ಇಬ್ರೂ ಪಾಸ್.” ಅವನು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. “ನೋಡ್ರಿ, ಎಲ್ಲಾ ತರದ ಪ್ರಾಜೆಕ್ಟ್ ಅದಾವ. ಬಸದಿ ಐತಿ, ಶಿರಹಟ್ಟಿ ಐತಿ, ಮಾಗಡಿ ಕೆರಿ ಹಕ್ಕಿ ಐತಿ. ಮಾಗಡಿ ಹಕ್ಕಿ ಎಷ್ಟು ಮಂದಿ ಒಯ್ದಾರಂದ್ರ ಆ ಹಕ್ಕಿಗೂ ಬ್ಯಾಸರ ಬಂದಿರಬೇಕು.”

“ನಗಬ್ಯಾಡ. ಬರದಾವ್ರು ಯಾರು?”

“ಯಾಂವ ಬಲ್ಲ? ಯಾವನೋ ಯಾವಾಗೋ ಬರದ ಹಳೇ ಪ್ರಬಂಧ. ಯಾರೋ ಸ್ಕ್ಯಾನ್ ಮಾಡಿದ್ರು, ಯಾರೋ ಟೈಪ್ ಮಾಡಿದ್ರು, ನನ್ನ ಕಡೆ ಬರೂದ್ರಾಗ ಮೊದಲನೇ ಹಾಳಿ ಇರಲಿಲ್ಲ.”

“ಗೊತ್ತಿಲ್ಲದ ಮಾಲು ಮಾರ್ತೀಯಲ್ಲಲೇ, ನಾಚಿಕಿ ಬರಂಗಿಲ್ಲ?”

ಇನಾಯತನಿಗೂ ಸಿಟ್ಟು ಬಂತು. “ನನ್ನ ಮ್ಯಾಲ ಯಾಕ ಬರ್ತೀರಿ? ಬಡವರ ಹುಡುಗರು ಅಷ್ಟು ದೊಡ್ಡ ಪುಸ್ತಕ ಕೊಳ್ಳಾಕ ಆಗ್ತೈತೇನು? ನಿಶಾತ ಓದಿದ್ದರಾಗ ಅರ್ಧ ಪುಸ್ತಕ ನನ್ನ ಅಂಗಡ್ಯಾಗ ಸ್ಕ್ಯಾನ್ ಆದವು. ಅವಾಗ ಬರದಾವ್ರು ಯಾರಂತ ಕೇಳಿದ್ರೇನು? ನಿಮ್ಮ ಮೊಬೈಲಿನ್ಯಾಗ ಹಾಡು ತುಂಬಿ ಕೊಟ್ಟಾಂವ ನಾನು. ‘ಇನ್ನೊಂದಿಷ್ಟು ಹಾಕೋ’ ಅಂದಾವ್ರು ನೀವು. ಅವು ಯಾರ ಹಾಡು, ಕೇಳಿದ್ರೇನು?”

ಉತ್ತರ ಇಲ್ಲದಾಗ ನಾನು ಇನ್ನೂ ಜೋರಾಗಿ ಮಾತಾಡುತ್ತೇನೆ. ಆದಷ್ಟು ಬೈದು, ಚಹಾ ಕುಡಿಯದೆ ವಾಪಸ್ಸು ಬಂದೆ. ದಾರಿಯುದ್ದಕ್ಕೂ ಅಂಗಿಯ ಕಿಸೆಯಲ್ಲಿ ಆ ಮೊಬೈಲು ಇಟ್ಟಿಗೆಯಂತೆ ಭಾರವಾಗಿತ್ತು.

ಮನೆಯಲ್ಲಿ ಖೈರುನಬಿ ಬಾಗಿಲಲ್ಲೇ ತಡೆದಳು. “ಅಂವನ್ನ ಬೈದ್ರಿ, ಆತು. ಇನ್ನ ಸುಮ್ಮನ ಬಿಡ್ರಿ. ಹುಡುಗಿ ಪಾಸಾಗಲಿ. ಹೊಳೆಯಪ್ಪ ಕಾಕಾಗ ಓದಾಕ ಬರಂಗಿಲ್ಲ, ಕಾಲೇಜಿನವರಿಗೆ ಪದ ಬರಂಗಿಲ್ಲ. ಯಾರಿಗೆ ಗೊತ್ತಾಗ್ತೈತಿ?”

“ನಿನಗ ಗೊತ್ತಾತಲ್ಲ, ರೊಟ್ಟಿ ಬಡ್ಕೋಂತ.”

“ನಾ ಯಾರಿಗೂ ಹೇಳಂಗಿಲ್ಲ.”

“ನಾಳೆ ಅಂತೂರಿಗೆ ಹೋಗೂದು,” ಎಂದೆ ನಿಶಾತಳಿಗೆ. “ಕಾಕಾನ ಮುಂದ ನಿಂತು ಹೇಳು. ಆಮ್ಯಾಲ ಕಾಲೇಜಿಗೆ ಹೋಗಿ ಹೇಳು.”

“ಹೇಳಿದ್ರ ನನ್ನ ವರ್ಷ ಹೋಗ್ತೈತಿ.”

“ಹೋಗಲಿ.”

“ನಿನಗೇನು? ಹೋಗೂದು ನಿನ್ನ ವರ್ಷ ಅಲ್ಲ!” ಎಂದು ಬಾಗಿಲು ಬಡಿದುಕೊಂಡು ಒಳಗೆ ಹೋದಳು. ನನ್ನದೇ ರಕ್ತ, ಬಾಗಿಲು ಬಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಮರುದಿನ ಬಂದಳು. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಕೂತು ಹಿಂತಿರುಗಿ ನೋಡಲಿಲ್ಲ. ಕಿಟಕಿಯ ಹೊರಗೆ ಕಡಲೆ ಹೊಲಗಳು ಕಿತ್ತು ಖಾಲಿಯಾಗಿದ್ದವು, ಕರಿಯ ಮಣ್ಣು ಬಿರಿದಿತ್ತು.

ಹೊಳೆಯಪ್ಪ ಕಾಕಾ ಮನೆಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದ. ಕುರಿಯ ಹಿಂದೆ ಹೋಗುವುದು ಬಿಟ್ಟು ಕೆಲವು ವರ್ಷವಾಗಿದೆ. ಕಣ್ಣು ಮಂಜಾಗಿದೆ, ಕೊರಳು ಮಾತ್ರ ಗಟ್ಟಿ.

“ಯಾರು, ಮಹಬೂಬನೇನು? ಮೊಹರಂ ಇನ್ನಾ ದೂರ ಐತಲ್ಲೋ. ಗಾದಿ ಯಾರೂ ಕೊಳ್ಳವಲ್ಲರೇನು?”

“ಗಾದಿ ಅಲ್ಲ ಕಾಕಾ. ನನ್ನ ಮಗಳು ಬಂದಾಳ, ನಿನ್ನ ಮುಂದ ಒಂದು ಮಾತು ಹೇಳಾಕ.”

ನಿಶಾತ ಹೇಳಿದಳು. ತಲೆ ತಗ್ಗಿಸಲಿಲ್ಲ, ಅಳಲಿಲ್ಲ. ಕಂಪ್ಯೂಟರಿನಿಂದ ತೆಗೆದದ್ದು, ಓದದೆ ಕೊಟ್ಟದ್ದು, ಅದರಲ್ಲಿ ಅವನ ಹೆಸರು ಇಲ್ಲದ್ದು, ತನ್ನ ಹೆಸರು ಇರುವುದು, ಎಲ್ಲ ಹೇಳಿದಳು. ಇದನ್ನು ಒಪ್ಪಿಕೊಂಡರೆ ಬಿ.ಎಡ್. ಈ ವರ್ಷ ಸಿಗುವುದಿಲ್ಲ ಎಂಬುದನ್ನೂ ಹೇಳಿದಳು.

ಮುದುಕ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ.

“ಒಬ್ಬ ಹುಡುಗ ಬಂದಿದ್ದ. ಇನ್ನಾ ಧಾರವಾಡ ಜಿಲ್ಲಾ ಇದ್ದಾಗ. ಹೆಗಲಿಗೆ ಟೇಪ್ ರಿಕಾರ್ಡು. ಅವನ ದೋಸ್ತ ಒಬ್ಬ ಸೈಕಲ್ ಹೊಡಕೊಂಡು ಬರ್ತಿದ್ದ.”

ನಿಶಾತ ನನ್ನ ಕಡೆ ನೋಡಿದಳು. ಸದಾ ಋಣಿಯ ಗೆಳೆಯ ಸಿಕ್ಕಿದ್ದ.

“ಛಲೋ ಹುಡುಗ ಅಂವ. ರೊಟ್ಟಿ ಕೊಟ್ರ ಕಣ್ಣಿಗೊತ್ತಿಕೊಂಡು ತಿಂತಿದ್ದ. ಆದ್ರ ಕ್ಯಾಸೆಟ್ಟು ಕಡಿಮಿ ತಂದಿದ್ದ. ಪ್ರತೀ ಪದದ ಕಡೀ ನುಡಿ ಬಂತಂದ್ರ ಗುಂಡಿ ಒತ್ತಿ ಬಂದ್ ಮಾಡ್ತಿದ್ದ. ‘ಅಜ್ಜಾ, ಇದು ಬರೇ ಹೆಸರು, ಊರು. ನನಗ ನೆನಪಿರ್ತೈತಿ, ಕ್ಯಾಸೆಟ್ ಉಳೀತೈತಿ’ ಅಂದ. ಹೌದಪಾ ಅಂದೆ. ಮರ್ತಿರಬೇಕು.”

“ಮರ್ತಾಂವ ‘ಕರ್ತೃ ಇಲ್ಲ’ ಅಂತ ಬರದಾನ ಕಾಕಾ!” ಎಂದೆ ನಾನು. “ನೀ ಇನ್ನಾ ಜೀವಂತ ಕುಂತೀದಿ, ಕರ್ತೃ ಇಲ್ಲಂತ!”

“ನೀ ಒದರಬ್ಯಾಡಲೇ, ನನಗ ಕಿವಿ ಕೇಳಸ್ತಾವ.” ಅವನು ನಿಶಾತಳ ಕಡೆ ತಿರುಗಿದ. “ಅವ್ವಾ, ನೀ ಏನೂ ಹೇಳಾಕ ಹೋಗಬ್ಯಾಡ. ನನ್ನ ಹೆಸರು ಇದ್ರೇನು, ಇಲ್ಲದಿದ್ರೇನು? ನಮ್ಮ ಊರ ಹುಡುಗಿ ಮಾಸ್ತರಕಿ ಮಾಡೂದು ದೊಡ್ಡದು. ಪದ ಸರಿ ಅದಾವಿಲ್ಲೋ, ನೋಡೂಣು. ನಾ ಹಾಡ್ತೇನಿ, ನೀ ಪುಸ್ತಕ ಹಿಡಕೊಂಡು ತಾಳಿ ನೋಡು.”

ಹಾಡತೊಡಗಿದ. ನೀರಿಲ್ಲದ ಹೊತ್ತು, ಕೂಸಿನ ಒಣಗಿದ ಬಾಯಿ. ಓಣಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಕೊಡ ಹೊತ್ತುಕೊಂಡೇ ನಿಂತಳು. ನಿಶಾತ ಪುಟದ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ನಡೆಸುತ್ತಿದ್ದಳು. ಬೆರಳು ಕೊನೆಯ ಸಾಲಿಗೆ ಬಂತು. ನಾನು ಮುಂದಿನ ನುಡಿಗೆ ದನಿಗೂಡಿಸಲು ಬಾಯಿ ತೆರೆದೆ.

ಕಾಕಾ ನಿಲ್ಲಿಸಿಬಿಟ್ಟ.

ಕೊಡ ಹೊತ್ತ ಹೆಂಗಸು ಕಾಯುತ್ತಿದ್ದಳು. ನಾನೂ ಕಾಯುತ್ತಿದ್ದೆ. ಮುದುಕ ತುಟಿ ಒತ್ತಿಕೊಂಡು, ಮೊಳಕಾಲ ಮೇಲೆ ತಾಳ ಹಾಕುತ್ತಿದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತಿದ್ದ.

“ಮುತ್ಯಾ, ಕಡೀ ನುಡಿ?” ಎಂದಳು ನಿಶಾತ.

“ಇಲ್ಲವಾ. ನಿನ್ನ ಪುಸ್ತಕದಾಗ ಎಲ್ಲಿಗೆ ನಿಂತೈತೋ ಅಲ್ಲಿಗೆ ನಿಂತೆ. ಈಗ ಎರಡೂ ತಾಳಿ ಆದ್ವು ನೋಡು. ನಾಳೆ ಯಾರರ ಬಂದು ಕೇಳಿದ್ರೂ ನಾ ಹಿಂಗ ಹಾಡ್ತೇನಿ. ಊರಾಗಿನವ್ರಿಗೂ ಹಿಂಗ ಹಾಡ್ರೆಪಾ ಅಂತೇನಿ. ನಿನ್ನ ಪುಸ್ತಕ ಸುಳ್ಳು ಅನ್ನಾವ್ರು ಯಾರೂ ಇರಂಗಿಲ್ಲ. ನೀ ಪಾಸಾಗವಾ.”

ನಿಶಾತ ಪುಸ್ತಕ ಮುಚ್ಚಿದಳು. ಎದ್ದು ಬಸ್ ನಿಲ್ದಾಣದ ಕಡೆಗೆ ನಡೆದಳು. ನಾನು ಕಾಕಾನಿಗೆ ಕೈ ಮುಗಿದು ಹಿಂದೆ ಓಡಿದೆ.

ನಿಜ ಹೇಳುತ್ತೇನೆ, ಬಸ್ಸಿನಲ್ಲಿ ಕೂತಾಗ ನನ್ನ ಸಿಟ್ಟಿನ ಗಾಳಿ ಇಳಿದಿತ್ತು. ಅನ್ಯಾಯವಾದದ್ದು ಯಾರಿಗೋ ಅವನೇ ಬಿಟ್ಟುಕೊಟ್ಟಿದ್ದ. ಹುಡುಗಿ ವರ್ಷವಿಡೀ ಓದಿದ್ದು ಕಣ್ಣ ಮುಂದೆ ಬಂತು. ಕಾಲೇಜಿನಿಂದ ಬಂದು, ಗಾದಿಯ ಅರಳೆಯ ನಡುವೆ ಕೂತು, ಮೂಗಿಗೆ ಓಡಣಿ ಕಟ್ಟಿಕೊಂಡು ಓದುತ್ತಿದ್ದಳು. ಈ ಸಲ ಅವಳ ಪಕ್ಕದಲ್ಲೇ ಕೂತೆ.

“ಬಿಡವಾ. ಕಾಕಾನ ಹೇಳ್ಯಾನಲ್ಲ. ಬುಧವಾರ ಪರೀಕ್ಷಿ ಮುಗಿಸು. ಮುಂದ ನೀ ಟೀಚರ್ ಆದ ಮ್ಯಾಲ ಅವನ ಹೆಸರಿನ್ಯಾಗ ಬ್ಯಾರೆ ಪುಸ್ತಕ ಮಾಡಿಸಿದ್ರಾತು.”

ಅವಳು ನನ್ನನ್ನು ಕೆಕ್ಕರಿಸಿ ನೋಡಿದಳು.

“ನಿನ್ನೆಯಿಂದ ಒದರಿದ್ದು ಏನಪಾ ನೀ? ಮಾಮಾನ ಅಂಗಡಿ ಮುಂದ ಮಂದಿ ಕೂಡಿಸಿದಾಂವ ಯಾರು?”

“ಅವಾಗ ಸಿಟ್ಟು ಬಂದಿತ್ತು.”

“ನಿನಗ ಅವಾಗ ಬಂದಿತ್ತು, ನನಗ ಈಗ ಬಂದೈತಿ. ಮುತ್ಯಾ ತನ್ನ ಬಾಯಿಲೆ ತನ್ನ ಹೆಸರು ನುಂಗಿದ. ನಿನ್ನೆ ನನಗ ಅನಿಸಿದ್ದು, ಯಾರೋ ಮೊದಲ ಕದ್ದಾರ, ನಾ ಹತ್ತರಾಗ ಹನ್ನೊಂದನೇದಾಕಿ ಅಂತ. ಅಲ್ಲ. ಆ ಟೇಪಿನ ಹುಡುಗ ಬರೇ ಪುಸ್ತಕದಾಗ ಹೆಸರು ಬಿಟ್ಟ. ನನ್ನ ಸಲುವಾಗಿ ಊರಾಗ ಬಿಡಾಕ ಹತ್ಯಾರ. ನಾ ಪಾಸಾದ್ರ ಮುಂದಿನ ಮೊಹರಂದಾಗ ಆ ನುಡಿ ಇರಂಗಿಲ್ಲ.” ಪುಸ್ತಕವನ್ನು ಚೀಲಕ್ಕೆ ತುರುಕಿ ಹೇಳಿದಳು: “ನಾಳೆ ನೀ ನನ್ನ ಕೂಡ ಕಾಲೇಜಿಗೆ ಬಾ. ಆದ್ರ ಬಾಯಿ ತೆಗೀಬ್ಯಾಡ.”

ಅಕ್ಷಯಾ ಮೇಡಂ ಅವಳ ಪ್ರಾಜೆಕ್ಟಿಗೆ ಮಾರ್ಗದರ್ಶಕರು. ಚಿಕ್ಕ ವಯಸ್ಸಿನವರು, ದಣಿದ ಮುಖ. ಮೇಜಿನ ಹಿಂದಿನ ಕಪಾಟಿನಲ್ಲಿ ನೀಲಿ, ಕೆಂಪು, ಹಸಿರು ರಟ್ಟುಗಳು ಒತ್ತಾಗಿ ನಿಂತಿದ್ದವು. ನಿಶಾತ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ನಾನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ನಾಲಿಗೆ ಕಚ್ಚಿಕೊಂಡಿದ್ದೆ.

ಮೇಡಂ ಎದ್ದು ಬಾಗಿಲು ಮುಂದೆ ಮಾಡಿ ಬಂದರು.

“ನಿಶಾತ, ಈ ಕಪಾಟಿನಾಗ ಸ್ವಂತದ್ದು ಎಷ್ಟು ಅದಾವ ಅಂತ ನನಗ ಗೊತ್ತಿಲ್ಲಂತ ಅನ್ಕೊಂಡೀಯೇನು? ಒಬ್ಬಾಕಿನೇ ಇಷ್ಟು ಹುಡುಗರನ್ನ ನೋಡ್ಕೋಬೇಕು. ಎಲ್ಲಾದರ ಮ್ಯಾಲೂ ನನ್ನ ಸಹಿ ಐತಿ. ‘ನನ್ನ ಮಾರ್ಗದರ್ಶನದಾಗ ಸ್ವತಃ ಮಾಡಿದ ಕೆಲಸ’ ಅಂತ ಸಹಿ. ನೀ ಈಗ ಹೇಳಿದ್ದನ್ನ ನಾ ಕೇಳಿಲ್ಲ. ಮನಿಗೆ ಹೋಗು. ನಾಳೆ ಬಾ, ಸಣ್ಣ ಪ್ರಶ್ನಿ ಕೇಳ್ತೇನಿ.”

“ಕೇಳಬ್ಯಾಡ್ರಿ ಮೇಡಂ. ವಾಪಸ್ ಕೊಡ್ರಿ.”

“ವಾಪಸ್ ತಗೊಳ್ಳೂದು ಅಂದ್ರ ನೀ ಅರ್ಜಿ ಬರೀಬೇಕು. ಕಾರಣ ಬರೀಬೇಕು. ಬರದ ಮ್ಯಾಲ ನಾ ಮುಚ್ಚಿ ಇಡಾಕ ಬರಂಗಿಲ್ಲ, ಪ್ರಿನ್ಸಿಪಾಲರಿಗೆ ಹೋಗ್ತೈತಿ. ಈ ಪೇಪರಿನಾಗ ಫೇಲ್. ಮುಂದಿನ ವರ್ಷ ಜೂನಿಯರ್ಸ್ ಕೂಡ ಹೊಸದು ಬರದು ಕೊಡಬೇಕು. ಬಿ.ಎಡ್. ಈ ವರ್ಷ ಇಲ್ಲ. ನಿಮ್ಮ ತಂದೆಯವರು ಒಪ್ಪತಾರೇನು?”

ಮೇಡಂ ನನ್ನ ಕಡೆ ನೋಡಿದರು. ಬಾಯಿ ತೆಗೆಯುವ ಸಮಯ ಬಂದಿತ್ತು. “ಬ್ಯಾಡವಾ, ಬಾ ಮನಿಗೆ” ಎನ್ನುವ ಮಾತು ಗಂಟಲತನಕ ಬಂತು. ನಿಶಾತ ಹಿಂತಿರುಗಿ ನೋಡಲಿಲ್ಲ. ಅವಳ ಬೆನ್ನು ಹಲಗೆಯ ಚರ್ಮದಂತೆ ಬಿಗಿದಿತ್ತು. ನಾನು ಬಾಯಿ ತೆಗೆಯಲಿಲ್ಲ. ಒಪ್ಪಿಗೆಯೆಂದು ತಲೆ ಮಾತ್ರ ಆಡಿಸಿದೆ.

“ಒಂದು ಪೆನ್ನು ಕೊಡ್ರಿ ಮೇಡಂ,” ಎಂದಳು ಅವಳು.

ಅಲ್ಲೇ ಮೇಜಿನ ಮೂಲೆಯಲ್ಲಿ ನಿಂತು ಬರೆದಳು. ಇದು ನನ್ನ ಕೆಲಸವಲ್ಲ. ಇದರಲ್ಲಿರುವ ಪದಗಳು ಅಂತೂರ ಬೆಂತೂರದ ಹೊಳೆಯಪ್ಪ ಅವರು ಕಟ್ಟಿದವು. ಕರ್ತೃ ಇಲ್ಲ ಎಂದು ಬರೆದಿರುವುದು ಸುಳ್ಳು. ಮೇಡಂ ಹಾಳೆಯನ್ನು ಎತ್ತಿ ಓದಿದರು, ಮತ್ತೆ ಓದಿದರು. ಆಮೇಲೆ ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಕೆಳಗೆ ತಾವೇ ಒಂದು ಸಾಲು ಸೇರಿಸಿದರು. ಪರಿಶೀಲಿಸದೆ ಸಹಿ ಮಾಡಿದ್ದು ನನ್ನ ತಪ್ಪು ಎಂದು.

“ನಾಳೆ ನನಗ ಏನಾಗ್ತೈತೋ ನೋಡೂಣು,” ಎಂದರು. ನಗಲು ನೋಡಿದರು, ನಗು ಪೂರ್ತಿ ಬರಲಿಲ್ಲ.

ಸುದ್ದಿ ನಾವು ಗೇಟು ದಾಟುವಷ್ಟರಲ್ಲಿ ಹಬ್ಬಿತ್ತು. ಕ್ಲಾಸಿನ ಹುಡುಗಿಯೊಬ್ಬಳು ಅಡ್ಡ ಬಂದು, “ನೀ ಒಬ್ಬಾಕಿ ಖರೆ ಹೇಳಾಕ ಹೋಗಿ ನಮ್ಮನ್ನೆಲ್ಲಾ ಮುಳುಗಸ್ತೀಯೇನ? ನಾಳೆ ನಮ್ಮ ಪ್ರಾಜೆಕ್ಟು ಅವರು ಬಿಚ್ಚಿ ನೋಡಿದ್ರ?” ಎಂದಳು.

“ನೀ ಒಮ್ಮೆ ಬಿಚ್ಚಿ ನೋಡು ಮೊದಲ,” ಎಂದಳು ನಿಶಾತ. “ಯಾರಿಗೆ ಋಣಿ ಅಂತ ಬರ್ಸೀಯೋ ಏನೋ.”

ಬುಧವಾರ ಎಲ್ಲರೂ ಒಳಗೆ ಹೋಗಿ ಬಂದರು. ಮೇಡಂ ಈ ಸಲ ಸಣ್ಣ ಪ್ರಶ್ನೆ ಕೇಳಲಿಲ್ಲವಂತೆ. ಇನ್ನೂ ಕೆಲವರು ರಟ್ಟು ಬಗಲಲ್ಲಿ ಇಟ್ಟುಕೊಂಡು ವಾಪಸ್ಸು ಬಂದರಂತೆ. ನಿಶಾತ ಆ ದಿನ ಮನೆಯಲ್ಲೇ ಇದ್ದಳು. ಒಂದು ಗಾದಿ ತುಂಬಿ, ಹೊಲಿಗೆ ಹಾಕಿ, ಹೊಲಿಗೆ ಸೊಟ್ಟಾಯಿತೆಂದು ಬಿಚ್ಚಿ ಮತ್ತೆ ಹಾಕಿದಳು. ಅತ್ತಳೋ ಇಲ್ಲವೋ, ಅರಳೆಯ ಧೂಳಿನಲ್ಲಿ ಎಲ್ಲರ ಕಣ್ಣೂ ಕೆಂಪೇ ಇರುತ್ತವೆ.

ಖೈರುನಬಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಇನಾಯತನ ಅಂಗಡಿಗೆ ಹೋಗಿ, ಎದುರು ನಿಂತು ಆ ಫೈಲನ್ನು ಅಳಿಸಿಸಿದಳು. “ಅಕ್ಕಾ, ನೂರು ಮಂದಿ ಮೊಬೈಲಿನ್ಯಾಗ ಐತಿ, ನಾ ಅಳಿಸಿದ್ರ ಏನು ಬಂತು?” ಎಂದನಂತೆ ಅವನು. “ಆ ನೂರು ಮಂದಿ ನನ್ನ ತಮ್ಮಂದಿರಲ್ಲ,” ಎಂದಳಂತೆ ಇವಳು. ಉಳಿದ ಫೈಲುಗಳು ಹಾಗೆಯೇ ಇವೆ. ನಾನು ಆಮೇಲೆ ಆ ಅಂಗಡಿಯಲ್ಲಿ ಹಾಡು ತುಂಬಿಸಿಲ್ಲ.

ಶುಕ್ರವಾರ ನಾನು ಅಟ್ಟದಿಂದ ಹಲಗೆ ಇಳಿಸಿದೆ. ಮೊಹರಂ ಅಲ್ಲದ ದಿನ ಅದನ್ನು ಇಳಿಸಿದ್ದು ಅದೇ ಮೊದಲು. ಮೂವರೂ ಅಂತೂರಿಗೆ ಹೋದೆವು.

ಹೊಳೆಯಪ್ಪ ಕಾಕಾ ಅದೇ ಕಟ್ಟೆಯ ಮೇಲಿದ್ದ. ನಿಶಾತ ಕಟ್ಟೆ ಹತ್ತಲಿಲ್ಲ. ಅಂಗಳದಲ್ಲಿ ಬಾಗಿಲಿಗೆ ಮುಖ ಮಾಡಿ ನಿಂತಳು. ಮುದುಕನಿಗೆ ತಿಳಿಯಿತು. ಕಟ್ಟಳೆ ಅವನಿಗಿಂತ ಹಳೆಯದು.

“ಬ್ಯಾಡಂದಿದ್ನಲ್ಲವಾ,” ಎಂದ. “ವರ್ಷ ಕಳಕೊಂಡ್ಯಾ?”

“ಕಳಕೊಂಡೆ ಮುತ್ಯಾ. ಈಗ ಸುಮ್ಮನ ಕೇಳು.”

ಹಾಡಿದಳು. ಅವಳಿಗೆ ಕೊರಳಿಲ್ಲ. ಎತ್ತರದಲ್ಲಿ ಒಡೆಯಿತು, ಎರಡು ಕಡೆ ತಾಳ ತಪ್ಪಿತು. ಓಣಿಯ ಮಂದಿ ಒಬ್ಬೊಬ್ಬರೇ ಬಂದು ನಿಂತರು. ನಗುವವರು ನಕ್ಕರು. ಕಡೆಯ ನುಡಿ ಬಂದಾಗ ಅವಳು ನಿಧಾನ ಮಾಡಿದಳು. ಕಪ್ಪತಗುಡ್ಡದ ಗಾಳಿ ಬಂತು, ಅಂತೂರ ಬೆಂತೂರ ಬಂತು, ಹೊಳೆಯಪ್ಪನ ಹೆಸರು ಬಂತು. ಆ ಸಾಲಿಗೆ ಖೈರುನಬಿ ದನಿಗೂಡಿಸಿದಳು, ಆಮೇಲೆ ಓಣಿಯೂ.

ಮುದುಕ ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡ. ಆಮೇಲೆ, “ಮಾಸ್ತರಕಿನ ಮಾಡವಾ ನೀ. ಹಾಡಾಕ ಬ್ಯಾಡ,” ಎಂದ. ಎಲ್ಲರೂ ನಕ್ಕರು, ಅವನೂ.

ನಿಶಾತ ಈಗ ಕಟ್ಟೆ ಹತ್ತಿ ಅವನ ಮುಂದೆ ಕೂತಳು. ಮೊಬೈಲು ತೆಗೆದು ಕಂಬಳಿಯ ಮೇಲಿಟ್ಟಳು. “ಮುಂದಿನ ವರ್ಷ ಹೊಸಾದು ಬರದು ಕೊಡಬೇಕು ಮುತ್ಯಾ. ನೀ ಕಟ್ಟಿದ್ದು ಎಲ್ಲಾ ಹಾಡು. ಯಾವಾಗ ಕಟ್ಟಿದಿ, ಎಲ್ಲಿ ಕುಂತಿದ್ದಿ, ಅದನ್ನೂ ಹೇಳು. ಪ್ರತೀ ವಾರ ಬರ್ತೇನಿ.”

ಕಾಕಾ ಮೊಬೈಲನ್ನು ಬೆರಳಿನಿಂದ ಮುಟ್ಟಿ ನೋಡಿದ. “ಇದರಾಗ ಕ್ಯಾಸೆಟ್ ಎಷ್ಟು ಹಿಡೀತೈತಿ? ನಡುವ ಬಂದ್ ಮಾಡ್ತೀಯೇನು?”

“ಇದಕ್ಕ ಕ್ಯಾಸೆಟ್ ಇಲ್ಲ. ನೀ ಕಡೀ ನುಡಿ ಹೇಳೂಮಟಾ ಬಂದ್ ಆಗಂಗಿಲ್ಲ.”

“ಹಂಗಾದ್ರ ಶುರು ಮಾಡೂಣು.” ಅವನು ಕಂಬಳಿ ಸರಿಮಾಡಿಕೊಂಡು ಕೂತ. ಆಮೇಲೆ ನನ್ನ ಕಡೆ ತಿರುಗಿ ಗದರಿದ: “ಲೇ ಮಹಬೂಬಾ, ತಣ್ಣಗಿನ ಹಲಗಿ ಹಿಡಕೊಂಡು ಏನು ನಿಂತೀದಿ? ಕಾಸ್ಕೊಂಡು ಬಾ.”

ಹಲಗೆ ಬೆಂಕಿಗೆ ಕಾಯದೆ ನುಡಿಯುವುದಿಲ್ಲ. ನಾನು ಹಿತ್ತಲಿಗೆ ಒಣಗಿದ ಜೋಳದ ಕಣಿಕೆ ಹುಡುಕಲು ಹೋದೆ.